ಮನೆಯ ಪಂಕ್ತಿ

(ಎಳ್ಳ ಅಮಾವಾಸ್ಯೆಯ ಹಿಂದಿನ ಸಂಜೆ ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ ಸೇರಿದ್ದ ಗಿರಣಿ ಕಾರ್ಮಿಕರು, ಹಮಾಲರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾಳೆ ಎಳ್ಳ ಅಮಾವಾಸ್ಯೆ. ನಾವು ಈ ಕಟ್ಟೆಯ ಮೇಲೆ ಸೇರಿರುವ ಹೊತ್ತಿನಲ್ಲಿ ನಿಮ್ಮೆಲ್ಲರ ಮನೆಗಳಲ್ಲಿ ಒಲೆ ಉರಿಯುತ್ತಿದೆ. ಸಜ್ಜಿ ರೊಟ್ಟಿ ಬಡಿಯುವ ಸಪ್ಪಳ ಇಲ್ಲಿಯವರೆಗೂ ಕೇಳಿಬರುತ್ತಿದೆ. ಮಧ್ಯಾಹ್ನ ಸಭೆಗೆ ಕರೆಯಲು ಮನೆಮನೆಗೆ ಹೋದಾಗ ಒಬ್ಬ ತಾಯಿ ಕೈಯ ಹಿಟ್ಟನ್ನು ಒರಸಿಕೊಳ್ಳುತ್ತ, "ಯಪ್ಪಾ, ನೀವು ಗಂಡಸ್ರು ಸಭಾ ಮಾಡ್ರಿ, ನಾವು ಭಜ್ಜಿ ಮಾಡ್ತೀವಿ. ಎರಡೂ ಆಗಬೇಕಲ್ಲ" ಎಂದರು. ಆಗ ನಾವು ನಕ್ಕೆವು. ಇಲ್ಲಿಗೆ ಬಂದು ನೋಡಿದ ಮೇಲೆ ಆ ನಗು ಉಳಿಯಲಿಲ್ಲ. ಇಷ್ಟು ದೊಡ್ಡ ಸಭೆಯಲ್ಲಿ ತಾಯಂದಿರು ಬೆರಳಲ್ಲಿ ಎಣಿಸುವಷ್ಟು ಮಂದಿ. ನಾವು ಮಾತಾಡಬಂದ ವಿಷಯವನ್ನು ಆ ತಾಯಿ ಬಾಗಿಲಲ್ಲಿಯೇ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ನಮ್ಮ ಸಭೆಗಳಲ್ಲಿ ಕೂಲಿಯ ಮಾತು ಬರುತ್ತದೆ, ಬೋನಸ್ಸಿನ ಮಾತು ಬರುತ್ತದೆ, ತೊಗರಿಯ ಧಾರಣೆಯ ಮಾತು ಬರುತ್ತದೆ. ಊಟದ ಮಾತು ಬಂದರೆ ಅದು ರೇಶನ್ ಅಕ್ಕಿಯ ಮಾತಾಗಿರುತ್ತದೆ. ಇಂದು ನಾವು ಊಟದ ಬಗ್ಗೆಯೇ ಮಾತಾಡುತ್ತೇವೆ. ಆದರೆ ಎಷ್ಟು ಉಣ್ಣುತ್ತೇವೆ ಎಂಬುದರ ಬಗ್ಗೆ ಅಲ್ಲ, ಯಾರ ಜೊತೆ ಕುಳಿತು ಉಣ್ಣುತ್ತೇವೆ, ಉಣ್ಣುವಾಗ ಏನು ಮಾತಾಡುತ್ತೇವೆ ಎಂಬುದರ ಬಗ್ಗೆ. ಇದೂ ಒಂದು ರಾಜಕೀಯವೇ ಎಂದು ಕೆಲವರಿಗೆ ನಗು ಬರಬಹುದು. ಕೊನೆಯವರೆಗೆ ಕೇಳಿ, ಆಮೇಲೆ ನಗಿರಿ.

ನಾಳಿನ ದಿನವನ್ನೇ ತೆಗೆದುಕೊಳ್ಳಿ. ಬೆಳಗಾಗುತ್ತಲೆ ಗಾಡಿ, ಟಂಟಂ, ಮೋಟಾರ್ ಸೈಕಲ್ ಏನಿದೆಯೋ ಅದರ ಮೇಲೆ ಬುತ್ತಿಯ ಬುಟ್ಟಿ ಹೇರಿಕೊಂಡು ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹತ್ತೆಂಟು ಕಾಯಿಪಲ್ಯ, ಹಸಿ ಕಾಳು ಕೂಡಿಸಿ ಮಾಡಿದ ಭಜ್ಜಿ. ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊಲದ ನಾಲ್ಕೂ ಕಡೆ ಚರಗ ಚೆಲ್ಲಿ, ಆಮೇಲೆ ಎಲ್ಲರೂ ನೆಳಲಿಗೆ ಕೂರುತ್ತಾರೆ. ಅಜ್ಜ, ಮೊಮ್ಮಗ, ಅತ್ತೆ, ಸೊಸೆ, ಅಳಿಯ, ನೆರೆಹೊಲದವರು. ಅಲ್ಲಿ ಅಡಿಗೆ ಮನೆ ಎಂಬುದಿಲ್ಲ, ಪಡಸಾಲೆ ಎಂಬುದಿಲ್ಲ. ಮಾಡಿದ ಅಡಿಗೆಯೆಲ್ಲ ಬುಟ್ಟಿಯಲ್ಲಿ ಎದುರಿಗೇ ಇದೆ. ಬಿಸಿ ರೊಟ್ಟಿ ಹಾಕಲು ಒಬ್ಬಳು ಒಲೆಯ ಮುಂದೆ ಕೂರಬೇಕಾಗಿಲ್ಲ. ಅದಕ್ಕೆಂದೇ ಆ ದಿನ ಅವಳೂ ಕೂರುತ್ತಾಳೆ.

ಎಳ್ಳ ಅಮಾವಾಸ್ಯೆ ನಮ್ಮ ಕಡೆಯ ಜನಕ್ಕೆ ಇಷ್ಟು ಪ್ರಿಯವಾದ ಹಬ್ಬವೇಕೆ? ಭಜ್ಜಿಯ ರುಚಿಗೆ ಮಾತ್ರ ಅಲ್ಲ. ಮನೆಯವರೆಲ್ಲ ಒಂದೇ ಹೊತ್ತಿಗೆ, ಒಂದೇ ನೆಲದ ಮೇಲೆ, ಮುಖ ನೋಡಿಕೊಂಡು ಉಣ್ಣುವ ದಿನ ಅದು. ಊರು ಬಿಟ್ಟು ಪುಣೆ, ಮುಂಬಯಿ, ಬೆಂಗಳೂರಿಗೆ ದುಡಿಯಲು ಹೋದವರು ಎಷ್ಟೋ ಮಂದಿ ಈ ದಿನಕ್ಕೆ ಸಾಲ ಮಾಡಿ ಬಸ್ಸು ಹಿಡಿದು ಬರುತ್ತಾರೆ. ಹಾಗಾದರೆ ಉಳಿದ ಮುನ್ನೂರ ಅರವತ್ತನಾಲ್ಕು ದಿನ ನಾವು ಹೇಗೆ ಉಣ್ಣುತ್ತಿದ್ದೇವೆ?

ಬೇಳೆ ಗಿರಣಿಯಿಂದ ತೊಡಗೋಣ. ಕಲಬುರಗಿ ಜಿಲ್ಲೆಯನ್ನು ತೊಗರಿಯ ಕಣಜವೆಂದು ಕರೆಯುತ್ತಾರೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ದೇಶದ ಎಷ್ಟೋ ಮನೆಗಳ ಊಟಕ್ಕೆ ನಮ್ಮ ಬೇಳೆ ಹೋಗುತ್ತದೆ. ಆ ಬೇಳೆಯನ್ನು ಒಡೆಯುವ ಸಂಗಾತಿ ಎಲ್ಲಿ ಉಣ್ಣುತ್ತಾನೆ? ಚೀಲಗಳ ಥಪ್ಪಿಗೆ ಬೆನ್ನು ಕೊಟ್ಟು, ಹೊಟ್ಟಿನ ಧೂಳಿನಲ್ಲಿ, ಬಟ್ಟೆಯ ಗಂಟು ಬಿಚ್ಚಿ, ತಣ್ಣಗಾದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣುತ್ತಾನೆ. ಲಾರಿ ಬಂದಿತೆಂದರೆ ಅರ್ಧ ರೊಟ್ಟಿ ಕೈಯಲ್ಲಿರುವಾಗಲೇ ಏಳಬೇಕು. ಸಕ್ಕರೆ ಕಾರ್ಖಾನೆಯವನಿಗೆ ಹಂಗಾಮಿನಲ್ಲಿ ಮೂರು ಪಾಳಿ. ಅವನು ಮನೆಗೆ ಬರುವ ಹೊತ್ತಿಗೆ ಮಕ್ಕಳು ಶಾಲೆಯಲ್ಲಿ, ಮಕ್ಕಳು ಮನೆಗೆ ಬರುವ ಹೊತ್ತಿಗೆ ಅವನು ನಿದ್ದೆಯಲ್ಲಿ.

ಅಂಗಡಿಕಾರ ಬಂಧುಗಳೇ, ನಿಮ್ಮದೇನು ಸುಖವಿಲ್ಲ. ಕಿರಾಣಿ ಅಂಗಡಿಯವನ ಒಂದು ಕೈ ತಾಟಿನಲ್ಲಿ, ಒಂದು ಕೈ ಗಲ್ಲೆಯ ಮೇಲೆ. ಎರಡು ತುತ್ತು ಬಾಯಿಗೆ ಹೋಗುವುದರೊಳಗೆ "ಅಣ್ಣಾ, ಕಾಲು ಕಿಲೋ ಸಕ್ರಿ" ಎಂಬ ಕೂಗು. ರಾತ್ರಿ ಹತ್ತಕ್ಕೆ ಕದ ಹಾಕಿ ಮನೆಗೆ ಹೋದರೆ ಮಕ್ಕಳು ಮಲಗಿರುತ್ತಾರೆ. ಮಗ ಯಾವ ತರಗತಿ ಎಂದು ಕೇಳಿದರೆ ಬೆರಳು ಮಡಚಿ ಲೆಕ್ಕ ಹಾಕುವ ಅಂಗಡಿಕಾರರನ್ನು ನಾವು ಕಂಡಿದ್ದೇವೆ. ನೂರು ಗಿರಾಕಿಗಳ ಉದ್ರಿ ಲೆಕ್ಕ ಅವರಿಗೆ ಬಾಯಿಪಾಠವಿರುತ್ತದೆ.

ಹೀಗೆ ಬೇರೆ ಬೇರೆ ಹೊತ್ತಿಗೆ ಉಂಡರೆ ನಷ್ಟವೇನು, ಹೊಟ್ಟೆ ತುಂಬಿದರೆ ಸಾಲದೆ ಎನ್ನಬಹುದು. ನಷ್ಟದ ಲೆಕ್ಕವನ್ನು ರೂಪಾಯಿಯಲ್ಲಿಯೇ ಹೇಳುತ್ತೇವೆ. ನಮ್ಮ ಪರಿಚಯದ ಒಬ್ಬ ಹಮಾಲ ಅಣ್ಣ ಮನೆಯ ಮಾಳಿಗೆ ಸೋರುತ್ತಿದ್ದುದಕ್ಕಾಗಿ ಸಾಹುಕಾರನೊಬ್ಬನಲ್ಲಿ ಹತ್ತು ಸಾವಿರ ರೂಪಾಯಿ ಸಾಲ ತಂದ. ತಿಂಗಳಿಗೆ ನೂರಕ್ಕೆ ಐದು ಬಡ್ಡಿ. ಹೆಂಡತಿಗೆ ಹೇಳಲಿಲ್ಲ, ಹೇಳಿದರೆ ಮರ್ಯಾದೆ ಹೋಗುತ್ತದೆಂಬ ಭಾವನೆ. ಹನ್ನೊಂದು ತಿಂಗಳು ತಪ್ಪದೆ ಐನೂರು ಐನೂರು ಬಡ್ಡಿ ಕಟ್ಟಿದ. ಅದೇ ಹನ್ನೊಂದು ತಿಂಗಳು ಅದೇ ಮನೆಯಲ್ಲಿ, ಜೋಳದ ಡಬ್ಬಿಯ ತಳದಲ್ಲಿ, ಅವನ ಹೆಂಡತಿ ಕೂಲಿಯಿಂದ ಉಳಿಸಿದ ಎಂಟು ಸಾವಿರ ರೂಪಾಯಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಅವಳೂ ಹೇಳಲಿಲ್ಲ, ಹೇಳಿದರೆ ಖರ್ಚಾಗುತ್ತದೆಂಬ ಅಂಜಿಕೆ.

ಅವರಿಬ್ಬರಲ್ಲಿ ಜಗಳವಿರಲಿಲ್ಲ. ಅವನು ರಾತ್ರಿ ಹತ್ತಕ್ಕೆ ಬಂದು ಒಬ್ಬನೇ ಉಣ್ಣುತ್ತಿದ್ದ. ಅವಳು ಬಡಿಸಿ, ಅವನು ಎದ್ದ ಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ಮಾತಾಡುವ ಹೊತ್ತು ಎಂಬುದೇ ಆ ಮನೆಯಲ್ಲಿ ಇರಲಿಲ್ಲ. ಒಂದು ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಊಟಕ್ಕೆ ಕೂತಾಗ ಅವರ ಸಣ್ಣ ಮಗಳು, "ಅಪ್ಪಾ, ನಿನ್ನಿ ಬಡ್ಡಿ ಸಾವಕಾರ ಬಾಗಿಲಿಗೆ ಬಂದಿದ್ದ" ಎಂದಳು. ಅವ್ವ ಕೈಯಲ್ಲಿನ ತುತ್ತು ತಾಟಿಗೆ ಇಟ್ಟಳು. ಎಲ್ಲ ಹೊರಬಿದ್ದಿತು. ಕೂಗಾಟವಾಯಿತು, ಅಳು ಆಯಿತು, ಕೊನೆಗೆ ಲೆಕ್ಕವೂ ಆಯಿತು. ಎಂಟು ಸಾವಿರ ಮನೆಯಲ್ಲೇ ಇದ್ದುದರಿಂದ ಸಾಲ ಬೇಕಾದದ್ದು ಎರಡೇ ಸಾವಿರಕ್ಕೆ. ಹನ್ನೊಂದು ತಿಂಗಳಿಗೆ ಹನ್ನೊಂದು ನೂರು ರೂಪಾಯಿ ಬಡ್ಡಿ ಸಾಕಿತ್ತು. ಕಟ್ಟಿದ್ದು ಐದು ಸಾವಿರದ ಐನೂರು. ಉಳಿದ ನಾಲ್ಕು ಸಾವಿರದ ನಾನೂರು ರೂಪಾಯಿ ಏನದು? ಅದು ಮೌನಕ್ಕೆ ಕಟ್ಟಿದ ಬಡ್ಡಿ. ಬಂಧುಗಳೇ, ನಮ್ಮ ನಿಮ್ಮ ಮನೆಗಳಲ್ಲಿ ಇಂಥ ಬಡ್ಡಿ ಎಷ್ಟು ಹೋಗುತ್ತಿದೆಯೋ ಯಾರು ಬಲ್ಲರು?

ಜೊತೆಗೆ ಉಣ್ಣುವುದೆಂದರೆ ಮನೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು. ಇದನ್ನು ನಾವು ಹೇಳಬೇಕಾದುದು ಇವತ್ತು ಮಾತ್ರ ಅಲ್ಲ. ನಮ್ಮ ಹಿಂದಿನ ಕಾರ್ಮಿಕರು ಇದನ್ನು ಚೆನ್ನಾಗಿ ತಿಳಿದಿದ್ದರು. ಅದಕ್ಕೆಂದೇ ಅವರು ಮೊಟ್ಟಮೊದಲು ಕೇಳಿದ್ದು ಊಟದ ಹೊತ್ತನ್ನು. 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಸಾವಿರಾರು ಮಂದಿ ಸೇರಿ ಸಭೆ ಮಾಡಿದರು. ಆ ಸಭೆಯ ಬೇಡಿಕೆಗಳನ್ನು ನೋಡಿ: ವಾರಕ್ಕೊಂದು ದಿನ ರಜೆ, ನಡುಮಧ್ಯಾಹ್ನ ಅರ್ಧ ತಾಸು ಬಿಡುವು, ಹೊತ್ತು ಮುಳುಗಿದ ಮೇಲೆ ಕೆಲಸವಿಲ್ಲ, ಸಂಬಳ ಹೊತ್ತಿಗೆ ಸರಿಯಾಗಿ. ಆ ದಿನಗಳಲ್ಲಿ ಮಗ್ಗದ ಬಳಿಯೇ ನಿಂತು ರೊಟ್ಟಿ ತಿನ್ನುವ ಸ್ಥಿತಿ. ಆರು ವರ್ಷದ ಹೋರಾಟದ ಮೇಲೆ 1890ರ ಜೂನ್ 10ರಂದು ಭಾನುವಾರದ ರಜೆ ಸಿಕ್ಕಿತು. 1891ರ ಕಾರ್ಖಾನೆ ಕಾನೂನಿನಲ್ಲಿ ಮಧ್ಯಾಹ್ನದ ಅರ್ಧ ತಾಸು ಬರೆಹಕ್ಕೆ ಬಂದಿತು.

ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾನೂನು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಸತತ ಐದು ತಾಸು ಕೆಲಸವಾದ ಮೇಲೆ ಅರ್ಧ ತಾಸು ಬಿಡುವು ಕೊಡಬೇಕು. 150ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಊಟಕ್ಕೆ ಕೋಣೆ ಇರಬೇಕು. 250ಕ್ಕಿಂತ ಹೆಚ್ಚು ಜನರಿದ್ದರೆ ಕ್ಯಾಂಟೀನು ನಡೆಸಬೇಕು ಎಂದಿತು. ಅಂಗಡಿ ನೌಕರರಿಗಾಗಿ ನಮ್ಮ ರಾಜ್ಯದ 1961ರ ಕಾನೂನು ಐದು ತಾಸಿನ ಮೇಲೆ ಒಂದು ತಾಸಿನ ಬಿಡುವನ್ನೂ, ವಾರಕ್ಕೊಂದು ರಜೆಯನ್ನೂ ಹೇಳಿತು. ಇವು ಯಾರೂ ದಾನ ಕೊಟ್ಟವಲ್ಲ. ನಮ್ಮ ಅಜ್ಜ ಮುತ್ತಜ್ಜರ ಕಾಲದವರು ಕೂಲಿ ಕಳೆದುಕೊಂಡು, ಏಟು ತಿಂದು ಗಳಿಸಿಟ್ಟ ಆಸ್ತಿ. ನಮ್ಮ ಬೇಳೆ ಗಿರಣಿಗಳು ಬಹುಪಾಲು ಸಣ್ಣವು. 150 ಜನ ಒಂದೆಡೆ ಇರುವುದೇ ಅಪರೂಪ. ಹೀಗಾಗಿ ಊಟದ ಕೋಣೆಯ ಕಾನೂನು ಕಾಗದದಲ್ಲಿ ಬಂದಿತೇ ಹೊರತು ಚೀಲದ ಥಪ್ಪಿಯವರೆಗೆ ಬರಲಿಲ್ಲ.

ಈಗ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. 2021ರ ಜನವರಿಯಲ್ಲಿ ಹತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ಹಗಲು ರಾತ್ರಿ ತೆರೆದಿರಬಹುದೆಂದು ರಾಜ್ಯ ಸರಕಾರ ಅಪ್ಪಣೆ ಕೊಟ್ಟಿತು. ದೊಡ್ಡ ಅಂಗಡಿ ಕದ ಹಾಕದಿದ್ದರೆ ಸಣ್ಣ ಅಂಗಡಿಯವನು ಹೇಗೆ ಹಾಕಬೇಕು? 2023ರಲ್ಲಿ ಕಾರ್ಖಾನೆ ಕಾನೂನನ್ನು ತಿದ್ದಿ, ವಾರಕ್ಕೆ 48 ತಾಸು ಮೀರದಂತೆ ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ಮಾಡಿದರು. ಅದಕ್ಕೆ ಕಾರ್ಮಿಕನ ಒಪ್ಪಿಗೆ ಬೇಕೆಂದು ಬರೆದಿದ್ದಾರೆ. ಕೆಲಸ ಕೊಡುವವನ ಮುಂದೆ ಕೆಲಸ ಬೇಡುವವನ ಒಪ್ಪಿಗೆ ಎಷ್ಟು ಸ್ವತಂತ್ರವೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. 2025ರ ನವೆಂಬರ್ 21ರಿಂದ ಕೇಂದ್ರ ಸರಕಾರ 29 ಹಳೆಯ ಕಾನೂನುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ತಂದಿದೆ. ವಾರದ ಲೆಕ್ಕ ಸರಿಹೋದರೆ ಸಾಕೆಂದು ಅವರ ವಾದ. ಹನ್ನೆರಡು ತಾಸು ಗಿರಣಿ, ಹೋಗಿಬರಲು ಎರಡು ತಾಸು. ಉಳಿದುದರಲ್ಲಿ ನಿದ್ದೆ ಕಳೆಯಿರಿ. ಆ ದಿನ ಮನೆಯವರ ಜೊತೆ ಕುಳಿತು ಉಣ್ಣುವ ಹೊತ್ತು ಎಲ್ಲಿದೆ? ಮನುಷ್ಯನ ಹೊಟ್ಟೆ ವಾರಕ್ಕೊಮ್ಮೆ ಹಸಿಯುವುದಿಲ್ಲ, ದಿನವೂ ಹಸಿಯುತ್ತದೆ. ಮಕ್ಕಳೂ ಹಾಗೆಯೇ, ಅಪ್ಪನನ್ನು ದಿನವೂ ನೋಡಬೇಕೆನ್ನುತ್ತವೆ.

ಕುಟುಂಬವನ್ನು ಬಿಟ್ಟು ದುಡಿಯಲು ಹೋದವರ ಗತಿ ಇನ್ನೂ ಬೇರೆ. ಮುಂಬಯಿಯ ಗಿರಣಿ ಕೇರಿಗಳಲ್ಲಿ ಒಂದೊಂದು ಕೋಣೆಯಲ್ಲಿ ಹತ್ತಾರು ಗಂಡಸರು ಪಾಳಿಯ ಮೇಲೆ ಮಲಗುತ್ತಿದ್ದರು. ಅವರಿಗೆ ಅನ್ನ ಹಾಕಿದವರು ಖಾನಾವಳಿ ನಡೆಸುತ್ತಿದ್ದ ಹೆಂಗಸರು. ಮುಷ್ಕರದ ದಿನಗಳಲ್ಲಿ ಸಂಬಳವಿಲ್ಲದಿದ್ದಾಗಲೂ ಉದ್ರಿಯ ಮೇಲೆ ಉಣ್ಣಲು ಹಾಕಿದ ತಾಯಂದಿರು ಅವರು. ಆ ಉದ್ರಿಯಿಂದಲೇ ಎಷ್ಟೋ ಮಂದಿ ಸಾಲದಲ್ಲಿ ಮುಳುಗಿದರು. 1975ರಲ್ಲಿ ಪ್ರೇಮಾ ಪುರವ್ ಅವರು ಅಂಥ ಹೆಂಗಸರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ, ಸಾಹುಕಾರನ ಬಾಗಿಲು ಬಿಟ್ಟು ಬ್ಯಾಂಕಿನ ಬಾಗಿಲಿಗೆ ಕರೆದೊಯ್ದರು. ಗಿರಣಿಯ ಚರಿತ್ರೆಯಲ್ಲಿ ಮುಷ್ಕರ ಮಾಡಿದವರ ಹೆಸರುಗಳಿವೆ. ಮುಷ್ಕರದವರಿಗೆ ರೊಟ್ಟಿ ಬಡಿದವರ ಹೆಸರುಗಳನ್ನು ಎಷ್ಟು ಮಂದಿ ಬರೆದಿಟ್ಟಿದ್ದಾರೆ? ಇವತ್ತಿಗೂ ನಮ್ಮ ತಾಲ್ಲೂಕಿನಿಂದ ಗುಳೆ ಹೋಗುವ ಮನೆಗಳಲ್ಲಿ ಬಾಗಿಲಿಗೆ ಕೀಲಿ ಬೀಳುತ್ತದೆ, ಇಲ್ಲವೆ ಮುದುಕರ ಮುಂದೆ ಎರಡು ತಾಟು ಉಳಿಯುತ್ತವೆ.

ಇಷ್ಟು ಮಾತು ಹೊತ್ತಿನದಾಯಿತು. ಇನ್ನು ಸಾಲಿನ ಮಾತು. ಹೊತ್ತು ಸಿಕ್ಕರೆ ಸಾಕೇ? ಯಾರು ಯಾರ ಪಕ್ಕದಲ್ಲಿ ಕೂರುತ್ತಾರೆ?

ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯಲ್ಲಿ ದಾಸೋಹ ನಡೆದದ್ದು ನಮ್ಮ ಪಕ್ಕದ ಬೀದರ ಸೀಮೆಯಲ್ಲಿ. ಬಸವಣ್ಣನವರು ಶಿವನಾಗಿಮಯ್ಯನ ಮನೆಯಲ್ಲಿ ಉಂಡರೆಂದು ಊರೇ ದೂರು ಹೊತ್ತು ಬಿಜ್ಜಳನ ಬಳಿಗೆ ಹೋಯಿತೆಂದು ಪುರಾಣಗಳು ಹೇಳುತ್ತವೆ. ಒಂದು ಊಟಕ್ಕೆ ರಾಜಸಭೆ ಅಲುಗಾಡಿತು ಎಂದರೆ ಊಟದಲ್ಲಿ ಎಷ್ಟು ರಾಜಕೀಯವಿದೆ ನೋಡಿ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರ ಹೆಸರು ಹೇಳಿದರೆ ನಮಗೆ ಮೊದಲು ನೆನಪಾಗುವುದು ದಾಸೋಹವೇ. ನಮ್ಮ ಕಾಲಕ್ಕೆ ಬಂದರೆ ಡಾಕ್ಟರ್ ಲೋಹಿಯಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಹಭೋಜನಕ್ಕೆ ಒಲ್ಲೆನೆನ್ನುವವನು ಸರಕಾರದ ನೌಕರಿಗೆ ತಕ್ಕವನಲ್ಲವೆಂಬ ನಿಯಮ ಬರಬೇಕೆಂದು ಅವರು ವಾದಿಸಿದರು.

2002ರಲ್ಲಿ ಅಕ್ಷರ ದಾಸೋಹವೆಂಬ ಹೆಸರಿನ ಶಾಲೆಯ ಬಿಸಿಯೂಟ ಮೊದಲು ಬಂದದ್ದು ನಮ್ಮ ಜಿಲ್ಲೆಯೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಿಗೆ. ನಾವು ಶಾಲೆಯಲ್ಲಿ ಕಲಿಸುತ್ತಿದ್ದ ದಿನಗಳಲ್ಲಿ ಆ ಸಾಲನ್ನು ದಿನವೂ ನೋಡಿದ್ದೇವೆ. ಎಲ್ಲ ಕೇರಿಯ ಮಕ್ಕಳೂ ತಾಟು ಹಿಡಿದು ಒಂದೇ ಸಾಲಿನಲ್ಲಿ ಕೂರುತ್ತಿದ್ದವು. ಆ ಸಾಲಿನಲ್ಲಿ ಒಬ್ಬ ಹುಡುಗಿ ದಿನವೂ ಅರ್ಧ ಅನ್ನವನ್ನು ಡಬ್ಬಿಗೆ ಹಾಕಿಕೊಳ್ಳುತ್ತಿದ್ದಳು. ಯಾಕೆಂದು ಗದರಿಸಿ ಕೇಳಿದೆವು. "ನಮ್ಮವ್ವ ಕಡೀಗಿ ಉಣ್ತಾಳ್ರಿ ಸರ, ಒಮ್ಮೊಮ್ಮಿ ಇರಂಗಿಲ್ಲ" ಎಂದಳು. ಅಂದಿನಿಂದ ನಾವು ಗದರಿಸಲಿಲ್ಲ. ಆ ಹುಡುಗಿ ನಮಗೆ ಕಲಿಸಿದ ಪಾಠವನ್ನು ಯಾವ ತರಬೇತಿಯಲ್ಲಿಯೂ ನಮಗೆ ಹೇಳಿಕೊಟ್ಟಿರಲಿಲ್ಲ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದದ್ದನ್ನು ದಂಡೆಯ ಹಳ್ಳಿಗಳವರು ಮರೆಯಲಾರರು. ಆಗ ತೆರೆದ ಕಾಳಜಿ ಕೇಂದ್ರವೊಂದರಲ್ಲಿ ನಾವೂ ಬಡಿಸಲು ನಿಂತಿದ್ದೆವು. ನೀರು ಎಲ್ಲರ ಮನೆಯನ್ನೂ ಹೊಕ್ಕಿತ್ತು. ದೊಡ್ಡ ಮನೆ, ಸಣ್ಣ ಮನೆ, ಕೇರಿ ಎಂದು ನೋಡಿರಲಿಲ್ಲ. ಹೀಗಾಗಿ ಮಂದಿಯೆಲ್ಲ ಒಂದೇ ಸಾಲಿನಲ್ಲಿ ಕುಳಿತು ಉಂಡರು. ಎಂಟು ದಿನ ಯಾರ ಜಾತಿಯೂ ಕೆಡಲಿಲ್ಲ. ನೀರು ಇಳಿಯಿತು, ಸಾಲೂ ಒಡೆಯಿತು. ಹೊಳೆ ಕೂಡಿಸಿದುದನ್ನು ನಾವು ಮತ್ತೆ ಒಡೆದುಕೊಂಡೆವು. ಆದರೆ ಆ ಎಂಟು ದಿನವೂ ನಾವು ಇನ್ನೊಂದನ್ನು ಕಂಡೆವು. ಜಾತಿ ಜಾತಿ ಕೂಡಿ ಕುಳಿತ ಆ ಸಾಲಿನಲ್ಲಿಯೂ ಮೊದಲು ಗಂಡಸರು, ಆಮೇಲೆ ಮಕ್ಕಳು, ಕಡೆಗೆ ಹೆಂಗಸರು. ಸಾರು ನೀರಾಗುವ ಹೊತ್ತಿಗೆ ಅವರ ಸಾಲು ಬರುತ್ತಿತ್ತು. ಪ್ರವಾಹಕ್ಕೂ ಅಳಿಸಲಾಗದ ಗೆರೆ ಅದು. ಅದನ್ನು ಹಾಕಿದವರು ಯಾವ ಸಾಹುಕಾರನೂ ಅಲ್ಲ, ಯಾವ ಸರಕಾರವೂ ಅಲ್ಲ, ನಾವೇ.

ನಮ್ಮ ಮನೆಯ ಮಾತನ್ನೂ ಮುಚ್ಚಿಡುವುದಿಲ್ಲ. ಒಂದು ರಾತ್ರಿ ಸಭೆ ಮುಗಿಸಿ ಐದು ಮಂದಿ ಸಂಗಾತಿಗಳನ್ನು ಊಟಕ್ಕೆ ಕರೆತಂದೆವು. ಪಡಸಾಲೆಯಲ್ಲಿ ಕುಳಿತು ಬಿಸಿ ರೊಟ್ಟಿ, ಪುಂಡಿಪಲ್ಯ, ಬೇಳೆ ಎಲ್ಲ ಉಣ್ಣುತ್ತ ಸಮಾನತೆಯ ಬಗ್ಗೆ ಒಂದು ತಾಸು ಮಾತಾಡಿದೆವು. ಸಪ್ತಕ್ರಾಂತಿಯಲ್ಲಿ ಮೊದಲನೆಯದು ಹೆಣ್ಣು ಗಂಡಿನ ಸಮಾನತೆ ಎಂಬುದನ್ನು ನಾವೇ ಅವರಿಗೆ ವಿವರಿಸಿದೆವು. ಎಲ್ಲರೂ ಹೋದ ಮೇಲೆ ನೀರಿಗೆಂದು ಅಡಿಗೆ ಮನೆಗೆ ಹೋದರೆ ನಮ್ಮ ತಾಯಿ ಮತ್ತು ನಮ್ಮ ಮನೆಯವರು ಒಂದೇ ರೊಟ್ಟಿಯನ್ನು ಎರಡಾಗಿ ಮುರಿದುಕೊಂಡು ಖಾರ, ಉಳ್ಳಾಗಡ್ಡಿ ಹಚ್ಚಿ ತಿನ್ನುತ್ತಿದ್ದರು. ಪಲ್ಯದ ಬೋಗುಣಿ ಬರಿದಾಗಿತ್ತು. "ಹೇಳಬಾರದಿತ್ತೇ?" ಎಂದೆವು. ನಮ್ಮ ತಾಯಿ ತಲೆ ಎತ್ತದೆ, "ಕೇಳಿದವರು ಯಾರಿದ್ರು?" ಎಂದರು. ಬಂಧುಗಳೇ, ನಾವು ನೂರಾರು ಸಭೆಗಳಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇವೆ. ಆ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ.

ಇದು ಭಾವನೆಯ ಮಾತಷ್ಟೇ ಅಲ್ಲ, ರಕ್ತದ ಮಾತು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಹೆರಿಗೆ, ಮುಟ್ಟು ಮೊದಲಾದ ಕಾರಣಗಳೂ ಇದರಲ್ಲಿವೆ. ಹೆಣ್ಣಿನ ದೇಹಕ್ಕೆ ಹೆಚ್ಚಿನ ಸತ್ವ ಬೇಕೆಂಬುದೂ ನಿಜ. ಹೆಚ್ಚು ಬೇಕಾದವಳಿಗೆ ಕಡೆಗೆ ಉಳಿದದ್ದು ಎಂಬುದು ಯಾವ ನ್ಯಾಯ? 1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯ ಮೇಲೆ ಬದುಕುತ್ತಿದ್ದಾರೆಂದು ಲೆಕ್ಕ ಹಾಕಿ ಸರಕಾರವನ್ನು ನಡುಗಿಸಿದರು. ದೇಶದ ಮೂರಾಣೆಯ ಲೆಕ್ಕವನ್ನು ಸರಕಾರ ಕೊಡಬೇಕು. ಮನೆಗೆ ಬಂದ ಮೂರಾಣೆ ಮನೆಯೊಳಗೆ ಹೇಗೆ ಹಂಚಿಹೋಯಿತೆಂಬ ಲೆಕ್ಕವನ್ನು ನಾವು ಕೊಡಬೇಕು.

ಇನ್ನು ಉಣ್ಣುವಾಗಿನ ಮಾತು. "ಉಣ್ಣುವಾಗ ಮಾತಾಡಬಾರದು" ಎಂದು ನಮ್ಮ ಹಿರಿಯರು ಮಕ್ಕಳನ್ನು ಗದರಿಸುತ್ತಿದ್ದರು. ಗಂಟಲಿಗೆ ಸಿಕ್ಕೀತೆಂದು ಹಾಗೆ ಹೇಳಿದ್ದರೆ ಸರಿ. ಆದರೆ ಎಷ್ಟೋ ಮನೆಗಳಲ್ಲಿ ಅದರ ಅರ್ಥ ಬೇರೆ: ಯಜಮಾನ ಮಾತಾಡುತ್ತಾನೆ, ಉಳಿದವರು ಕೇಳುತ್ತಾರೆ. ಅವನು ಬಯ್ಯುತ್ತಾನೆ, ಇವರು ನುಂಗುತ್ತಾರೆ. ಗಿರಣಿಯಲ್ಲಿ ಮಾಲಕನ ಎದುರು ಬಾಯಿ ಬಿಡಲು ಅಂಜುವವನು ಮನೆಗೆ ಬಂದು ತಾನೇ ಸಣ್ಣ ಮಾಲಕನಾಗುತ್ತಾನೆ. ಈಗ ಆ ಗದರಿಕೆಯ ಜಾಗಕ್ಕೆ ಮೊಬೈಲು ಬಂದಿದೆ. ನಾಲ್ಕು ಜನ ಎದುರೆದುರು ಕೂತರೂ ನಾಲ್ಕು ದಿಕ್ಕಿಗೆ ನೋಡುತ್ತಾರೆ. ಮಾತಿಲ್ಲದ ಆ ಸಾಲು ಖಾನಾವಳಿಯ ಸಾಲು, ಮನೆಯ ಸಾಲಲ್ಲ.

ಮಕ್ಕಳು ಎಲ್ಲವನ್ನೂ ಶಾಲೆಯಲ್ಲಿ ಕಲಿಯುವುದಿಲ್ಲ, ಮಾಸ್ತರನಾಗಿದ್ದ ನಾವೇ ಈ ಮಾತು ಹೇಳುತ್ತೇವೆ. ತೊಗರಿ ಯಾವ ಧಾರಣೆಗೆ ಹೋಯಿತು, ಅಡತಿಯವನು ಎಷ್ಟು ಹಿಡಿದುಕೊಂಡ, ಉದ್ರಿ ಎಷ್ಟು ಬರಬೇಕು, ಅಪ್ಪನ ಕಾಲಿಗೆ ಚೀಲ ಬಿದ್ದದ್ದು ಹೇಗೆ, ಅವ್ವನ ಕೂಲಿ ಅಪ್ಪನ ಕೂಲಿಗಿಂತ ಕಡಿಮೆ ಏಕೆ? ಇವೆಲ್ಲ ರೊಟ್ಟಿಯ ಮುಂದೆ ಬರಬೇಕಾದ ಮಾತುಗಳು. ಹತ್ತು ವರ್ಷದ ಹುಡುಗಿ ಅಲ್ಲಿ ಒಂದು ಪ್ರಶ್ನೆ ಕೇಳಿ ಉತ್ತರ ಪಡೆದರೆ, ಇಪ್ಪತ್ತು ವರ್ಷಕ್ಕೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲುತ್ತಾಳೆ. ಮನೆಯಲ್ಲಿ ಬಾಯಿ ಮುಚ್ಚಿಸಿಕೊಂಡ ಮಗು ಗಿರಣಿಯಲ್ಲಿಯೂ ಬಾಯಿ ಮುಚ್ಚಿಕೊಂಡೇ ದುಡಿಯುತ್ತದೆ. ಮಾಲಕನಿಗೆ ಬೇಕಾದುದೂ ಅಂಥವರೇ.

ಆದುದರಿಂದ ನಾವು ನಿಮ್ಮಲ್ಲಿ ಕೇಳಿಕೊಳ್ಳುವುದು ನಾಲ್ಕು ಮಾತು.

ಮೊದಲನೆಯದು, ಗಿರಣಿಯ ಸಂಗಾತಿಗಳು ಊಟದ ಅರ್ಧ ತಾಸನ್ನು ಬಿಟ್ಟುಕೊಡಬಾರದು. ಲಾರಿ ಬಂದರೆ ಅರ್ಧ ತಾಸು ನಿಲ್ಲಲಿ. ಕುಳಿತುಕೊಳ್ಳಲು ನೆಳಲು, ಕುಡಿಯಲು ನೀರು, ಕೈ ತೊಳೆಯಲು ಜಾಗ, ಇವನ್ನು ಸಂಘದ ಬೇಡಿಕೆಯ ಪಟ್ಟಿಯಲ್ಲಿ ಕೂಲಿಯ ಪಕ್ಕದಲ್ಲಿಯೇ ಬರೆಯಿರಿ. ಹನ್ನೆರಡು ತಾಸಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಮನೆಯವರನ್ನು ಕೇಳಿ; ಆ ಹೊತ್ತು ನಿಮ್ಮೊಬ್ಬರದೇ ಅಲ್ಲ.

ಎರಡನೆಯದು ಅಂಗಡಿಕಾರ ಬಂಧುಗಳಿಗೆ. ಒಬ್ಬನೇ ಕದ ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆಂಬ ನಿಮ್ಮ ಅಂಜಿಕೆ ನಮಗೆ ಗೊತ್ತು. ಎಲ್ಲರೂ ಕೂಡಿ ನಿರ್ಧಾರ ಮಾಡಿದರೆ ಯಾರೂ ಕೆಡುವುದಿಲ್ಲ. ವಾರಕ್ಕೆ ಒಂದು ಸಂಜೆಯಾದರೂ ಊರಿನ ಅಂಗಡಿಗಳೆಲ್ಲ ದೀಪ ಹಚ್ಚುವ ಹೊತ್ತಿಗೆ ಕದ ಹಾಕಲಿ.

ಮೂರನೆಯದು ನಮ್ಮೆಲ್ಲ ಗಂಡಸರಿಗೆ. ಮಾಡಿದ ರೊಟ್ಟಿ, ಪಲ್ಯ ಎಲ್ಲವನ್ನೂ ನಡುವೆ ತಂದಿಟ್ಟುಕೊಂಡು ಎಲ್ಲರೂ ಕೂಡಿ ಕುಳಿತುಕೊಳ್ಳಿ. ರೊಟ್ಟಿ ಬಿಸಿ ಇರುವುದಿಲ್ಲವೆಂದು ಗೊಣಗಬೇಡಿ. ನಾಳೆ ಹೊಲದಲ್ಲಿ ತಣ್ಣನೆಯ ರೊಟ್ಟಿಯನ್ನು ಹೊಗಳಿ ಹೊಗಳಿ ತಿನ್ನುವವರು ನೀವೇ ಅಲ್ಲವೇ? ಬಿಸಿ ರೊಟ್ಟಿಯೇ ಬೇಕೆಂದರೆ ಒಂದು ದಿನ ನೀವು ಒಲೆಯ ಮುಂದೆ ಕುಳಿತು ಬಡಿಯಿರಿ. ನಾವು ಕಲಿಯುತ್ತಿದ್ದೇವೆ, ನಮ್ಮ ರೊಟ್ಟಿ ಇನ್ನೂ ದುಂಡಗೆ ಬರುತ್ತಿಲ್ಲ, ಆದರೆ ಯಾರೂ ಹಸಿದು ಮಲಗಿಲ್ಲ.

ನಾಲ್ಕನೆಯದು ನಾಳೆಗೇ ಸಂಬಂಧಿಸಿದ್ದು. ಹೊಲವಿದ್ದವರು ಹೊಲವಿಲ್ಲದವರನ್ನು ಕರೆಯುವ ರೂಢಿ ನಮ್ಮಲ್ಲಿದೆ. ಅದು ಒಳ್ಳೆಯ ರೂಢಿ. ಆದರೆ ಎಷ್ಟೋ ಹೊಲಗಳಲ್ಲಿ ಮನೆಯವರಿಗೆ ಒಂದು ಗಿಡ, ಆ ಹೊಲದ ಕಳೆ ತೆಗೆದವರಿಗೆ ದೂರದ ಇನ್ನೊಂದು ಗಿಡ. ಬೆಳೆದ ಕೈ ಒಂದೇ ಹೊಲದಲ್ಲಿ ದುಡಿಯಬಹುದಾದರೆ ಒಂದೇ ನೆಳಲಿನಲ್ಲಿ ಉಣ್ಣಲೂ ಬಹುದು. ನಾಳೆ ಮಣ್ಣೂರಿನ ಹೊಲಗಳಲ್ಲಿ ಎರಡನೆಯ ಗಿಡ ಬೇಡ.

ಇವುಗಳಿಗೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಮೊದಲನೆಯದಕ್ಕೆ ಮಾತ್ರ ಹೋರಾಟ ಬೇಕು. ಮನೆಯ ಪಂಕ್ತಿಯನ್ನು ಸರಿಮಾಡದವನು ಊರ ಪಂಕ್ತಿಯನ್ನು ಸರಿಮಾಡಲಾರ. ನಮ್ಮ ಸಂಘಕ್ಕೂ ಇದೇ ಮಾತು. ಮುಂದಿನ ಸಭೆಯನ್ನು ಅಡಿಗೆಯ ಹೊತ್ತಿನಲ್ಲಿ ಕರೆಯುವುದಿಲ್ಲವೆಂದು ನಾವು ಈ ಕಟ್ಟೆಯ ಮೇಲೆ ನಿಂತು ಮಾತು ಕೊಡುತ್ತೇವೆ. ಅಥವಾ ಕರೆದರೆ, ಅಂದಿನ ಭಜ್ಜಿಯನ್ನು ಗಂಡಸರೇ ಮಾಡುತ್ತೇವೆ.

ಹೊತ್ತಾಯಿತು. ಇನ್ನು ಯಾರೂ ಇಲ್ಲಿ ನಿಂತು ಚರ್ಚೆ ಮಾಡಬೇಡಿ. ನೇರವಾಗಿ ಮನೆಗೆ ಹೋಗಿ, ನಾಳಿನ ಬುತ್ತಿಗೆ ಕೈ ಹಚ್ಚಿ, ಈ ರಾತ್ರಿಯ ಊಟಕ್ಕೆ ಎಲ್ಲರೂ ಕೂಡಿ ಕುಳಿತುಕೊಳ್ಳಿ. "ನೀನು ಉಂಡೆಯಾ?" ಎಂದು ಒಲೆಯ ಮುಂದಿನವಳನ್ನು ಮೊದಲು ಕೇಳಿ.